ಮೊದಲು ನಕ್ಷೆ, ಆಮೇಲೆ ಗಡಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪಾಲಿಕೆಯಿಂದ ಬೇರ್ಪಡಿಸಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ನಡೆಯುತ್ತಿರುವ ಚರ್ಚೆಗೆ ನಾನೂ ಕಿವಿಗೊಟ್ಟಿದ್ದೇನೆ. ಮೇಯರ್ ಯಾವ ಪಕ್ಷದವರು, ಕಚೇರಿ ಎಲ್ಲಿ, ನೌಕರರನ್ನು ಹಂಚುವುದು ಹೇಗೆ, ಹಳೆಯ ಸಾಲ ಯಾರ ತಲೆಗೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹೊಸ ಗಡಿ ಯಾವ ಸರ್ವೆ ನಂಬರಿನ ಯಾವ ಬದುವಿನ ಮೇಲೆ ಹಾಯುತ್ತದೆ, ನಾಳೆ ಅದು ಹಿಗ್ಗಿದಾಗ ಯಾವ ಊರುಗಳು ಒಳಗೆ ಬರುತ್ತವೆ, ಒಳಗೆ ಬಂದ ಊರಿನ ಹೊಲಕ್ಕೆ ಯೋಜನಾ ನಕ್ಷೆಯಲ್ಲಿ ಯಾವ ಬಣ್ಣ ಬಳಿಯುತ್ತಾರೆ ಎಂದು ಕೇಳಿದವರು ನನಗೆ ಸಿಕ್ಕಿಲ್ಲ. ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದೇ ಸಂಸಾರ ನಡೆಸಿದವನಾದ್ದರಿಂದ ಈ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಪತ್ರ ಉದ್ದವಾದರೆ ಕತ್ತರಿಸುವ ಹಕ್ಕು ನಿಮಗಿದೆ; ಲೆಕ್ಕದ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಾನು ಪ್ರತ್ಯೇಕ ಪಾಲಿಕೆಯ ವಿರೋಧಿಯಲ್ಲ. 1962ರಲ್ಲಿ, ಇಪ್ಪತ್ತು ಕಿಲೋಮೀಟರ್ ದೂರದ ಎರಡು ಊರುಗಳನ್ನು ಒಂದೇ ಪಾಲಿಕೆಗೆ ಕಟ್ಟಿದಾಗ ನಡುವೆ ಇದ್ದದ್ದು ಜೋಳ, ಹತ್ತಿ, ಮಾವು, ಪೇರಲ. ಹುಬ್ಬಳ್ಳಿ ವ್ಯಾಪಾರದ ಮತ್ತು ರೈಲ್ವೆಯ ಊರು, ಧಾರವಾಡ ಕೋರ್ಟು ಕಚೇರಿ ಕಾಲೇಜುಗಳ ಊರು. ಒಬ್ಬರ ಅವಸರ ಇನ್ನೊಬ್ಬರಿಗೆ ಅರ್ಥವಾಗದೆ ಅರವತ್ತು ವರ್ಷ ಕಳೆದವು. ಬೇರೆಯಾಗುವ ಆಸೆ ಸಹಜ. ನನ್ನ ತಕರಾರು ಬೇರೆಯಾಗುವ ರೀತಿಯ ಬಗ್ಗೆ. ನಮ್ಮ ನವಲೂರಿನಂಥ ಊರುಗಳು 1962ರ ಲೆಕ್ಕದಲ್ಲಿ ನಡುವೆ ಸಿಕ್ಕಿದ ಊರುಗಳು. ಈಗ ಇನ್ನೊಂದು ಸುತ್ತಿನ ಊರುಗಳು ಹಾಗೆಯೇ ಸಿಕ್ಕಿಕೊಳ್ಳುವ ಲಕ್ಷಣ ಕಾಣುತ್ತಿದೆ.

ಯಾಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ ಲೆಕ್ಕ ಕೊಡುತ್ತೇನೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರ ಪ್ರಕಾರ ಒಂದು ಊರು ಮಹಾನಗರ ಪಾಲಿಕೆಯಾಗಲು ಜನಸಂಖ್ಯೆ ಮೂರು ಲಕ್ಷಕ್ಕೆ ಕಡಿಮೆ ಇರಬಾರದು, ಚದರ ಕಿಲೋಮೀಟರಿಗೆ ಮೂರು ಸಾವಿರ ಜನರಿಗೆ ಕಡಿಮೆ ಇರಬಾರದು, ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯೇತರ ಕೆಲಸದಲ್ಲಿರಬೇಕು. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ 9,43,788. ವಾರ್ಡ್‌ಗಳು 82. ಧಾರವಾಡಕ್ಕೆಂದು ತೆಗೆದಿರಿಸಿರುವುದು 26. ಸರಾಸರಿ ಹಿಡಿದು ಗುಣಿಸಿದರೆ ಎರಡು ಲಕ್ಷದ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಬರುತ್ತದೆ. ವಾರ್ಡಿಂದ ವಾರ್ಡಿಗೆ ಹೆಚ್ಚುಕಡಿಮೆ ಇರುತ್ತದೆ, ಈಗ ಜನ ಹೆಚ್ಚಾಗಿದ್ದಾರೆ, ಎಲ್ಲ ನಿಜ. ಆದರೆ 2027ರ ಜನಗಣತಿಯ ಅಂಕಿ ಕೈಗೆ ಬರುವವರೆಗೆ ಕಾಗದದ ಮೇಲಿನ ಅಂಕಿ 2011ರದ್ದೇ. ಅಂದರೆ ಹೊಸ ಪಾಲಿಕೆ ಹುಟ್ಟುವಾಗಲೇ ಗೆರೆಯ ಅಂಚಿನಲ್ಲಿ ನಿಂತಿರುತ್ತದೆ. ಅಂಚಿನಲ್ಲಿ ನಿಂತವರಿಗೆ ಪಕ್ಕದ ಊರುಗಳನ್ನು ಸೇರಿಸಿಕೊಳ್ಳುವ ಆಸೆ ಹುಟ್ಟದೆ ಇರುವುದಿಲ್ಲ. ನರೇಂದ್ರ, ಮುಮ್ಮಿಗಟ್ಟಿ, ಐಐಟಿ ಎದ್ದು ನಿಂತಿರುವ ಚಿಕ್ಕಮಲ್ಲಿಗವಾಡ. ಹೆಸರು ಹೇಳುವುದು ಕಷ್ಟವೇನಲ್ಲ, ಹೆದ್ದಾರಿ ಹಿಡಿದು ಹೊರಟರೆ ಸಾಕು.

ಇಲ್ಲೇ ಒಂದು ಚಮತ್ಕಾರವಿದೆ. ಮೂರು ಲಕ್ಷ ಜನ, ಚದರ ಕಿಲೋಮೀಟರಿಗೆ ಮೂರು ಸಾವಿರ ಎಂದರೆ ವಿಸ್ತೀರ್ಣ ನೂರು ಚದರ ಕಿಲೋಮೀಟರ್ ದಾಟಬಾರದು ಎಂದಾಯಿತು. ಹೊಲಗದ್ದೆಯ ಊರು ಸೇರಿಸಿದರೆ ತಲೆಯ ಲೆಕ್ಕ ಸ್ವಲ್ಪ ಏರುತ್ತದೆ, ಎಕರೆಯ ಲೆಕ್ಕ ವಿಪರೀತ ಏರುತ್ತದೆ. ಜನಸಂಖ್ಯೆಯ ಅಳತೆ ದಾಟಲು ಹೋಗಿ ಸಾಂದ್ರತೆಯ ಅಳತೆಯಲ್ಲಿ ಬೀಳುತ್ತೇವೆ. ಹಾಗೆ ನೋಡಿದರೆ, ಊರು ದಟ್ಟವಾಗಿ ಬೆಳೆಯಲಿ, ಹೊಲದ ಮೇಲೆ ಚೆಲ್ಲಾಪಿಲ್ಲಿ ಹರಡದಿರಲಿ ಎಂಬ ಬುದ್ಧಿಯನ್ನು ಕಾಯ್ದೆಯೇ ಹೇಳಿದೆ. ಓದುವವರು ಬೇಕು.

ಊರು ಪಾಲಿಕೆಗೆ ಸೇರಿದರೆ ಏನಾಗುತ್ತದೆ? ನನ್ನ ತಮ್ಮನ ಮಗನನ್ನು ಕೇಳಿದರೆ, ‘ದೊಡ್ಡಪ್ಪ, ಜಾಗಕ್ಕೆ ರೇಟು ಬರುತ್ತದೆ’ ಎನ್ನುತ್ತಾನೆ. ಮಾರುವವನಿಗೆ ರೇಟು ಬರುತ್ತದೆ, ಸರಿ. ಆದರೆ ಸರ್ಕಾರವೇ ಭೂಮಿ ತೆಗೆದುಕೊಂಡರೆ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಗ್ರಾಮೀಣ ಪ್ರದೇಶದ ಭೂಮಿಯ ಮಾರುಕಟ್ಟೆ ಬೆಲೆಯನ್ನು, ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ ಒಂದರಿಂದ ಎರಡರವರೆಗಿನ ಗುಣಾಂಕದಿಂದ ಗುಣಿಸುತ್ತಾರೆ. ನಗರ ಪ್ರದೇಶಕ್ಕೆ ಗುಣಾಂಕ ಒಂದೇ. ಆ ಮೊತ್ತದ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ಎಕರೆಗೆ ನಲವತ್ತು ಲಕ್ಷ ಎಂದಿಟ್ಟುಕೊಳ್ಳಿ, ಗುಣಾಂಕ ಒಂದೂವರೆ ಹಿಡಿಯಿರಿ. ಪಂಚಾಯಿತಿಯಲ್ಲಿದ್ದರೆ ಒಂದು ಕೋಟಿ ಇಪ್ಪತ್ತು ಲಕ್ಷ, ಪಾಲಿಕೆಯೊಳಗೆ ಸೇರಿದ ಮೇಲೆ ಎಂಬತ್ತು ಲಕ್ಷ. ಅದೇ ಹೊಲ, ಅದೇ ಕರಿಮಣ್ಣು. ಗಡಿ ಆಚೆ ಸರಿದದ್ದಕ್ಕೆ ನಲವತ್ತು ಲಕ್ಷ ಹೋಯಿತು. ಬೈಪಾಸ್ ಅಗಲವಾಗುತ್ತಿರುವ, ಕೈಗಾರಿಕಾ ಪ್ರದೇಶ ಬೆಳೆಯುತ್ತಿರುವ ಧಾರವಾಡದ ಸುತ್ತ ಇದು ಬರೀ ಬಾಯಿಮಾತಿನ ಲೆಕ್ಕವಲ್ಲ.

ಇನ್ನು ಮಕ್ಕಳ ವಿಷಯ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15ರ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಾಲಿಕೆಯ ವ್ಯಾಪ್ತಿಯೊಳಗಿನ ಹಳ್ಳಿಯ ಶಾಲೆಗೆ ಅದು ಸಲ್ಲುವುದಿಲ್ಲ. ಬೆಳಿಗ್ಗೆ ಎಮ್ಮೆಯ ಸೆಗಣಿ ಬಾಚಿ, ಬಯಲಿಗೆ ಬುತ್ತಿ ಕೊಟ್ಟು, ಕನ್ನಡ ಶಾಲೆಗೆ ಹೋದ ಹುಡುಗಿ ದಾಖಲೆಯಲ್ಲಿ ಮಹಾನಗರದವಳು. ಉದ್ಯೋಗ ಖಾತ್ರಿಯ ಕೂಲಿಯೂ ಅಷ್ಟೇ, ನಗರದ ವ್ಯಾಪ್ತಿಯಲ್ಲಿ ಅದಿಲ್ಲ. ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ದರದ ಬಗ್ಗೆ ನಾನು ಹೇಳಬೇಕಾಗಿಲ್ಲ, ಕಟ್ಟುವವರಿಗೆ ಗೊತ್ತು.

ಹಾಗಾದರೆ ಪಂಚಾಯಿತಿಯಲ್ಲೇ ಉಳಿಯುವುದು ಸುಖವೇ ಎಂದು ಕೇಳಿದರೆ ನಾನು ಹೌದು ಎನ್ನಲಾರೆ. ಊರಿನ ಸುತ್ತ ಹುಟ್ಟಿಕೊಂಡ ಅಡ್ಡಾದಿಡ್ಡಿ ಬಡಾವಣೆಗಳಿಗೆ ಉತಾರ ಬರೆದುಕೊಟ್ಟವರಲ್ಲಿ ಪಂಚಾಯಿತಿಗಳೂ ಇದ್ದವು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಊರು ಮುಂದೆ ಹೇಗೆ ಬೆಳೆಯಬೇಕೆಂದು ನಕ್ಷೆಯಲ್ಲಿ ಬರೆಯುವ ಮಹಾಯೋಜನೆ ಎಂಬ ದೊಡ್ಡ ಮಾತು ನೆಲಕ್ಕೆ ಬಂದು ಮುಗ್ಗರಿಸುವುದು ಈ ಜಾಗದಲ್ಲೇ.

ನಮ್ಮ ಕಡೆಯ ಸರ್ವೆ ಸರಪಳಿ 33 ಅಡಿ, ಅದರ ಹದಿನಾರು ಭಾಗಗಳಿಗೆ ಆಣೆ ಎನ್ನುತ್ತೇವೆ. ಸರಪಳಿಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಾಸಿದರೆ ಒಂದು ಗುಂಟೆ, 1,089 ಚದರ ಅಡಿ. ಒಬ್ಬ ಮಧ್ಯಮವರ್ಗದ ಮನುಷ್ಯ ಮನೆ ಕಟ್ಟಲು ಕನಸು ಕಾಣುವ ಅಳತೆಗೆ ಇದು ಸರಿಯಾಗಿ ಹೊಂದುತ್ತದೆ, ಗುಂಟಾ ಪ್ಲಾಟಿನ ದಂಧೆಯ ಗುಟ್ಟು ಅದೇ. ಎಕರೆಗೆ ನಲವತ್ತು ಗುಂಟೆ. ಕಾಯ್ದೆಯಂತೆ ಎನ್‌ಎ, ಅಂದರೆ ಹೊಲವನ್ನು ಬೇಸಾಯೇತರ ಬಳಕೆಗೆ ಪರಿವರ್ತನೆ, ಮಾಡಿಸಿ, ವಿನ್ಯಾಸಕ್ಕೆ ಮಂಜೂರಾತಿ ಪಡೆದರೆ ರಸ್ತೆಗೆ, ಉದ್ಯಾನಕ್ಕೆ, ಶಾಲೆ ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟು ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಂಜೂರಾತಿಯ ಗೊಡವೆಯೇ ಬೇಡ ಎಂದರೆ ಮೂವತ್ತೈದು, ಮೂವತ್ತಾರು ಗುಂಟೆ ಮಾರಬಹುದು. ಉಳಿದ ನಾಲ್ಕೈದು ಗುಂಟೆ ದಾರಿ. ಆ ದಾರಿಯ ಅಗಲ ಎಷ್ಟು? ಎರಡು ಚಕ್ಕಡಿ ಎದುರುಬದುರಾದರೆ ಒಂದು ಬದುವಿಗೆ ಇಳಿಯಬೇಕು, ಅಷ್ಟು.

ರೈತ ಮೋಸಗಾರನಲ್ಲ. ಎರಡು ವರ್ಷ ಮಳೆ ಕೈಕೊಟ್ಟಿರುತ್ತದೆ, ಸೊಸೈಟಿಯ ಸಾಲ ಬೆಳೆದಿರುತ್ತದೆ, ಮಗಳ ಮದುವೆ ಎದುರಿಗಿರುತ್ತದೆ. ಕೊಳ್ಳುವವನೂ ಮೋಸಗಾರನಲ್ಲ. ಶಾಲಾ ಶಿಕ್ಷಕ, ಬಸ್ಸಿನ ನಿರ್ವಾಹಕ, ಪೊಲೀಸ್ ಪೇದೆ, ಮಂಜೂರಾದ ನಿವೇಶನದ ಬೆಲೆ ಕೇಳಿಯೇ ಹಿಂದೆ ಸರಿದವರು. ನಡುವಿನ ಏಜೆಂಟ್ ಬಗ್ಗೆ ಮಾತ್ರ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಬಾಂಡ್ ಪೇಪರಿನ ಮೇಲೆ ಕರಾರು, ಸುಣ್ಣದ ಗೆರೆ, ಮೂಲೆಗೆ ಕಲ್ಲು, ಒಂದು ಕಮಾನು. ಮನೆಗಳು ಏಳುತ್ತವೆ. ಐದಾರು ವರ್ಷಕ್ಕೆ ಅಲ್ಲಿ ಮತಗಳು ಇರುತ್ತವೆ, ಮತಗಳಿದ್ದಲ್ಲಿ ಡಾಂಬರು ಬರುತ್ತದೆ. ಚರಂಡಿ ಬರುವುದಿಲ್ಲ, ಏಕೆಂದರೆ ಚರಂಡಿಗೆ ಇಳಿಜಾರು ಬೇಕು, ಇಳಿಜಾರಿನ ತುದಿಯಲ್ಲಿ ಆಗಲೇ ಯಾರದೋ ಮನೆ ಎದ್ದಿದೆ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ ಎಂದು ಎರಡು ಗೆರೆ ಎಳೆದಿರುವ ಜಾಗದಲ್ಲಿ ಅಡುಗೆಮನೆ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಯಾವ ಊರೆಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಆ ಮನೆಯವರು ಹಳ್ಳವನ್ನು ಬೈಯುತ್ತಿದ್ದರು.

ಇಂಥ ಮಂಜೂರಾತಿಯಿಲ್ಲದ ಆಸ್ತಿಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ಆರಂಭಿಸಿತು. ಕಟ್ಟಿಕೊಂಡು ಕೂತವರನ್ನು ಬೀದಿಗೆ ಹಾಕಲಾಗುವುದಿಲ್ಲ, ತೆರಿಗೆಯಾದರೂ ಬರಲಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಖಾತಾ ಪುಸ್ತಕದಲ್ಲಿ ಹೆಸರು ಬಂದ ಮಾತ್ರಕ್ಕೆ ಎಂಟು ಅಡಿಯ ದಾರಿ ಮೂವತ್ತು ಅಡಿಯಾಗುವುದಿಲ್ಲ, ಅಗ್ನಿಶಾಮಕ ವಾಹನ ಒಳಗೆ ತಿರುಗುವುದಿಲ್ಲ.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಹುಡಾ, ಮಾಡಿರುವ ಮಹಾಯೋಜನೆ 2031ನೇ ಇಸವಿಯವರೆಗಿನದು. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೃಷಿಗೆ ಹಸಿರು ಎಂದು ವಲಯಗಳು. ಜನ ಹುಡಾದ ನಕ್ಷೆಯನ್ನು ನೋಡುವುದು ತಮ್ಮ ಹೊಲ ಹಳದಿಯೋ ಹಸಿರೋ ಎಂದು ತಿಳಿಯಲು ಮಾತ್ರ. ಹಳದಿಯಾದವನು ಸಿಹಿ ಹಂಚುತ್ತಾನೆ, ಹಸಿರಾದವನು ಬಣ್ಣ ಬದಲಿಸುವ ದಾರಿ ಹುಡುಕುತ್ತಾನೆ. ನಕ್ಷೆಯಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ಗೆರೆ. ಮುಂದಿನ ಇಪ್ಪತ್ತು ವರ್ಷಕ್ಕೆ ಬೇಕಾದ ಅಡ್ಡರಸ್ತೆ, ವರ್ತುಲ ರಸ್ತೆ, ಹಳ್ಳದ ಎರಡೂ ಬದಿಗೆ ಬಿಡಬೇಕಾದ ಜಾಗ, ಕೆರೆಯ ಸುತ್ತಲಿನ ಮೀಸಲು. ಈ ಗೆರೆಗಳು ಕಾಗದದ ಮೇಲಿರುತ್ತವೆ. ಹೊಲದಲ್ಲಿ ನಿಂತವನಿಗೆ ಅವು ಕಾಣುವುದಿಲ್ಲ, ಹಾಗಾಗಿ ಗುಂಟಾ ಪ್ಲಾಟು ಕೊಂಡವನು ತಾನು ಅರವತ್ತು ಅಡಿ ರಸ್ತೆಯ ನಡುಮಧ್ಯೆ ಮನೆ ಕಟ್ಟುತ್ತಿದ್ದೇನೆಂದು ತಿಳಿಯದೆಯೇ ಪಾಯ ತೆಗೆಯುತ್ತಾನೆ.

ನನ್ನ ವೃತ್ತಿಯಲ್ಲಿ ಇದಕ್ಕೆ ಹಳೆಯ ಮದ್ದು ಇದೆ: ಬಾಂದುಕಲ್ಲು. ಮಹಾಯೋಜನೆಯ ಮುಖ್ಯ ರಸ್ತೆಗಳಿಗೆ, ಹಳ್ಳಗಳ ಅಂಚಿಗೆ, ಊರು ಸೇರಿಸಿಕೊಳ್ಳುವ ಮೊದಲೇ ಕಲ್ಲು ನೆಡಿ. ಆ ಸರ್ವೆ ನಂಬರುಗಳ ಪಹಣಿಯಲ್ಲಿ ಇಷ್ಟು ಗುಂಟೆ ಯೋಜಿತ ರಸ್ತೆಗೆ ಎಂದು ನಮೂದಿಸಿ. ಹೊಲದವನಿಗೆ ಪರಿಹಾರವನ್ನೋ, ಬೇರೆಡೆ ಹೆಚ್ಚು ಅಂತಸ್ತು ಕಟ್ಟುವ ಹಕ್ಕಿನ ಪತ್ರವನ್ನೋ ಆಗಲೇ ಕೊಡಿ. ಆಗ ಉಪನೋಂದಣಿ ಕಚೇರಿಯಲ್ಲಿ ಮಾರುವವನೂ ಕೊಳ್ಳುವವನೂ ಕಣ್ಣುಬಿಟ್ಟು ಸಹಿ ಹಾಕುತ್ತಾರೆ. ನೂರು ಕಲ್ಲಿಗೆ ತಗಲುವ ಖರ್ಚು, ಎದ್ದ ಮನೆಗಳನ್ನು ಒಡೆದು ರಸ್ತೆ ಅಗಲ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ. ಹಳ್ಳವನ್ನು ಕೈಬಿಟ್ಟು ಆಮೇಲೆ ಸರಿಪಡಿಸುವುದು ಎಂಥ ಕೆಲಸ ಎಂದು ತಿಳಿಯಬೇಕಾದವರು ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಇಳಿಯುವ ನಾಲಾದ ದಂಡೆಯಲ್ಲಿ ನಡೆದು ನೋಡಲಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದಕ್ಕೆ ಹೊಸ ರೂಪ ಕೊಡುವ ಕೆಲಸ ಕೈಗೆತ್ತಿಕೊಂಡರು, ಒಳ್ಳೆಯದೇ. ಅಂಥ ಕೆಲಸ ಬೇಕಾಗದಂತೆ ನೋಡಿಕೊಳ್ಳುವ ಅವಕಾಶ ಧಾರವಾಡದ ಹೊರವಲಯದ ಹಳ್ಳಗಳಿಗೆ ಇನ್ನೂ ಇದೆ.

ಹಳ್ಳದ ಮಾತು ಬಂದಿದ್ದರಿಂದ ಇನ್ನೊಂದು. ಧಾರವಾಡ ಕುಳಿತಿರುವುದು ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯನ್ನು ಸೇರಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹಳ್ಳಗಳ ಮೂಲಕ ಮಲಪ್ರಭೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಬೆಣ್ಣಿಹಳ್ಳ ಉಕ್ಕಿದರೆ ಏನಾಗುತ್ತದೆಂದು ನವಲಗುಂದದ ರೈತರನ್ನು ಕೇಳಿ. ಮೇಲೆ ಕೂತ ನಾವು ಒಂದೊಂದು ಎಕರೆಗೂ ಕಾಂಕ್ರೀಟು ಹಾಸಿದಷ್ಟೂ ಕೆಳಗಿನವರ ಹೊಲಕ್ಕೆ ನೀರು ಬೇಗ ಇಳಿಯುತ್ತದೆ. ಹಾಗಾಗಿ ಪಾಲಿಕೆ ಎರಡಾದರೂ ಯೋಜನಾ ಪ್ರಾಧಿಕಾರ ಒಂದೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತ್ಯೇಕತೆಯ ಉತ್ಸಾಹದಲ್ಲಿ ಹುಡಾವನ್ನೂ ಒಡೆಯೋಣ ಎಂಬ ಮಾತು ಅಲ್ಲಲ್ಲಿ ಕಿವಿಗೆ ಬಿದ್ದಿದೆ. ದಯವಿಟ್ಟು ಬೇಡ. ಅದರ ಕಚೇರಿ ನವನಗರದಲ್ಲಿದೆ, ಎರಡೂ ಊರಿನವರಿಗೆ ಸಮಾನವಾಗಿ ಅನನುಕೂಲ. ಅದಕ್ಕಿಂತ ನ್ಯಾಯ ಇನ್ನೇನು ಬೇಕು?

ನಡುವಿನ ಊರುಗಳಿಗೂ ಇದೇ ಕಾರಣಕ್ಕೆ ಒಂದೇ ಯೋಜನೆ ಬೇಕು. 2018ರಲ್ಲಿ ಎರಡು ಊರುಗಳ ನಡುವೆ ತನ್ನದೇ ಪಥದಲ್ಲಿ ಸಾಗುವ ಬಿಆರ್‌ಟಿಎಸ್ ಬಸ್ಸು ಓಡಲು ಶುರುವಾದ ಮೇಲೆ ರಾಯಾಪುರ, ಸತ್ತೂರು, ನವಲೂರುಗಳಿಂದ ಎರಡೂ ಕಡೆಗೆ ಹೋಗಿಬರುವುದು ಸಲೀಸಾಯಿತು. ಬಸ್ಸು ಬಂದಲ್ಲಿ ಪ್ಲಾಟು ಬಂತು. ನವಲೂರು ಎಂದರೆ ಪೇರಲ ಎನ್ನುವ ಕಾಲವಿತ್ತು. ಈಗ ತೋಟಗಳು ಎಷ್ಟು ಉಳಿದಿವೆ ಎಂದು ಬಂದು ನೋಡಿ. ನಾನು ಇದನ್ನು ಅಳುತ್ತ ಹೇಳುತ್ತಿಲ್ಲ. ಪೇರಲ ಬೆಳೆದು ಬದುಕಲಾಗದವನಿಗೆ ಮರ ಉಳಿಸು ಎಂದು ಹೇಳುವ ಅಧಿಕಾರ ಪಿಂಚಣಿ ಪಡೆಯುವ ನನಗಿಲ್ಲ. ಆದರೆ ಬಸ್ಸಿನ ದಾರಿಯ ಅಕ್ಕಪಕ್ಕದಲ್ಲಿ ನಾಲ್ಕಂತಸ್ತು ಕಟ್ಟಲು ಬಿಟ್ಟು, ಅಲ್ಲೇ ಜನ ನೆಲೆಸುವಂತೆ ಮಾಡಿ, ಹಿಂದಿನ ಹೊಲಗಳನ್ನು ಇನ್ನೊಂದು ತಲೆಮಾರು ಹಾಗೇ ಉಳಿಸಬಹುದಿತ್ತು. ಈಗಲೂ ಮಾಡಬಹುದು. ಅದಕ್ಕೆ ಗಡಿಯ ಈಚೆಗೂ ಆಚೆಗೂ ಒಂದೇ ವಲಯ ನಿಯಮ ಇರಬೇಕು. ಒಂದು ಪಾಲಿಕೆ ಬಿಗಿ, ಇನ್ನೊಂದು ಸಡಿಲ ಎಂದಾದರೆ ಏಜೆಂಟನು ಸಡಿಲ ಇರುವ ಕಡೆ ಕಮಾನು ನಿಲ್ಲಿಸುತ್ತಾನೆ.

ಹಳೆಯ ಧಾರವಾಡದಲ್ಲಿ ನವಲೂರ ಅಗಸಿ ಎಂಬ ಜಾಗವಿದೆ. ಪಾಲಿಕೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪೇಟೆಯವರು ತಮ್ಮ ಬಾಗಿಲಿಗೆ ನಮ್ಮೂರ ಹೆಸರಿಟ್ಟಿದ್ದರು. ಸಂಬಂಧ ಇಟ್ಟುಕೊಳ್ಳಲು ಸೇರಿಸಿಕೊಳ್ಳಲೇಬೇಕೆಂದಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಅಧಿಕಾರದಲ್ಲಿರುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವುದೇ ಹೊಸ ಊರನ್ನು ಸೇರಿಸುವ ಅಧಿಸೂಚನೆಗೆ ಮೊದಲು ಆ ಊರಿನ ಪರಿಷ್ಕೃತ ನಕ್ಷೆ ಸಿದ್ಧವಿರಲಿ. ನೀರು ಯಾವ ಟ್ಯಾಂಕಿನಿಂದ, ಒಳಚರಂಡಿ ಯಾವ ಕಡೆಗೆ, ಹಣ ಯಾವ ಬಾಬಿನಿಂದ ಎಂದು ಬರೆದು ಕೊಡಲಿ. ಆ ಸೌಲಭ್ಯ ಮನೆಬಾಗಿಲಿಗೆ ಬರುವವರೆಗೆ ಘರಪಟ್ಟಿ ಪಂಚಾಯಿತಿಯ ದರದಲ್ಲೇ ಇರಲಿ. ಈಗಾಗಲೇ ಅವಳಿ ನಗರದ ವ್ಯಾಪ್ತಿಯಲ್ಲಿರುವ 45 ಕಂದಾಯ ಗ್ರಾಮಗಳಲ್ಲಿ ಏನು ಆಗಿದೆ, ಏನು ಆಗಿಲ್ಲ ಎಂಬುದರ ಪಟ್ಟಿ ಹೊರಬರಲಿ. ಸೇರಲು ಹೊರಟ ಊರಿನವರು ಸೇರಿದವರ ಅನುಭವ ಓದಿ ತೀರ್ಮಾನಿಸಲಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರ ನಗರದಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಹೊಸ ಪಾಲಿಕೆಯಲ್ಲಿ ಅವು ಮೊದಲ ದಿನದಿಂದಲೇ ಇರಲಿ, ಹಳ್ಳಿಯ ವಾರ್ಡಿನ ಸಮಿತಿಯಲ್ಲಿ ಬೇಸಾಯ ಮಾಡುವವರಿಗೂ ಜಾಗವಿರಲಿ.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳಿದೆ. ಕರಡು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಲು 60 ದಿನ ಇರುತ್ತದೆ. ಆದರೆ ಕಚೇರಿಯ ಗೋಡೆಗೆ ಆಳೆತ್ತರದಲ್ಲಿ ತೂಗುಹಾಕಿದ ನಕ್ಷೆಯಲ್ಲಿ ಕನ್ನಡಕ ಹಾಕಿದವರಿಗೂ ಸರ್ವೆ ನಂಬರು ಕಾಣುವುದಿಲ್ಲ. ಊರೂರಿನ ಚಾವಡಿಯಲ್ಲಿ, ಆ ಊರಿನ ತುಂಡನ್ನು ಮಾತ್ರ ದೊಡ್ಡದು ಮಾಡಿ, ಹಳ್ಳ, ಗುಡಿ, ಬಾವಿ, ಚಕ್ಕಡಿ ದಾರಿಯ ಗುರುತು ಸಮೇತ ಕನ್ನಡದಲ್ಲಿ ಹಾಕಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಮುದ್ರಣದ ಖರ್ಚು ಸಾಕು.

ನಿಮ್ಮ ಪತ್ರಿಕೆಗೂ ಒಂದು ಕೇಳಿಕೆ. ಕರಡು ಹೊರಬಿದ್ದ ದಿನ ಧಾರವಾಡ ಆವೃತ್ತಿಯಲ್ಲಿ ಒಂದು ಇಡೀ ಪುಟವನ್ನು ಜಾಹೀರಾತಿಗೆ ಕೊಡದೆ ಆ ನಕ್ಷೆಗೆ ಕೊಡಿ. ಸರ್ವೆ ನಂಬರು ಓದುವಷ್ಟು ದೊಡ್ಡದಾಗಿರಲಿ. ನಮ್ಮೂರಿನಲ್ಲಿ ಅದನ್ನು ಬಿಡಿಸಿ ಹೇಳುವ ಕೆಲಸ ನಾನು ಮಾಡುತ್ತೇನೆ. ಬೇರೆ ಊರುಗಳಲ್ಲಿಯೂ ನನ್ನಂತೆ ನಿವೃತ್ತರಾಗಿ ಮನೆಯಲ್ಲಿ ಕೂತ ಸರ್ವೆಯರುಗಳು, ಗ್ರಾಮ ಲೆಕ್ಕಿಗರು ಇದ್ದಾರೆ. ಕರೆದರೆ ಬರುತ್ತಾರೆ, ಚಹಾ ಕೊಟ್ಟರೆ ಸಾಕು.

ಇತಿ,
ಒಬ್ಬ ನಿವೃತ್ತ ಭೂಮಾಪಕ
ನವಲೂರು, ಧಾರವಾಡ